ಪಕ್ಕದವನಿಗೆ ಏಟು

ಕೋಚ್ ತಪ್ಪು ಮಾಡಿದವನನ್ನು ಹೊಡೆಯುತ್ತಿರಲಿಲ್ಲ. ಅವನ ಪಕ್ಕದಲ್ಲಿ ನಿಂತವನನ್ನು ಹೊಡೆಯುತ್ತಿದ್ದ.

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಕೈಗೆ ಬಂದ ದಿನವೇ ಅವನು ಹಾಕಿದ ಕಾನೂನು ಅದು. ಇಬ್ಬಿಬ್ಬರು ಜೋಡಿಯಾಗಿ ಗೆರೆಯ ಮುಂದೆ ನಿಲ್ಲಬೇಕು. ಒಬ್ಬ ಬುಟ್ಟಿಗೆ ಹತ್ತು ಚೆಂಡು ಎಸೆಯಬೇಕು. ಒಂದು ತಪ್ಪಿದರೆ ಪಕ್ಕದವನ ಕೆನ್ನೆಗೆ ಒಂದು. ಎರಡು ತಪ್ಪಿದರೆ ಎರಡು. ಎಸೆದವನು ನಿಂತು ನೋಡಬೇಕು. ಮುಖ ತಿರುಗಿಸಿದರೆ ಇನ್ನೊಂದು, ಅದೂ ಪಕ್ಕದವನಿಗೇ.

"ನಿಂಗೆ ಹೊಡೆದ್ರೆ ಐದು ನಿಮಿಷದಲ್ಲಿ ಮರೀತೀಯ," ಅನ್ನುತ್ತಿದ್ದ. "ನಿನ್ನಿಂದ ಇವನಿಗೆ ಬಿದ್ರೆ ಜನ್ಮದಲ್ಲಿ ಮರೆಯಲ್ಲ."

ಅದು ಸುಳ್ಳಲ್ಲ. ಹತ್ತಕ್ಕೆ ಐದು ಹಾಕುತ್ತಿದ್ದವರು ಒಂದೇ ವರ್ಷದಲ್ಲಿ ಎಂಟು, ಒಂಬತ್ತು ಹಾಕತೊಡಗಿದರು. ಪ್ರಿನ್ಸಿಪಾಲರು ತಮ್ಮ ಕೋಣೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ತಂಡ ಗೆಲ್ಲುವ ತನಕ ನೋಡಿದರು. ಗೆದ್ದ ಮೇಲೆ ಪರದೆ ಎಳೆದುಕೊಂಡರು.

ಕೋಚ್ ಮೊದಲು ಆಟಗಾರನೇ. ಮದುವೆಯಾದಾಗ ಅವನ ಬಲ ಮಂಡಿಯಲ್ಲಿ ಎರಡು ಮೊಳೆ ಇದ್ದವು. ಎದುರು ತಂಡದವನೊಬ್ಬ ಬೇಕೆಂದೇ ಒದ್ದು ಮಂಡಿ ಮುರಿದಿದ್ದ. ಒದ್ದವನ ದವಡೆಯನ್ನು ಇವನು ನೆಲದ ಮೇಲೆ ಬಿದ್ದುಕೊಂಡೇ ಮುರಿದಿದ್ದ. ಇಬ್ಬರೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋದರಂತೆ, ದಾರಿಯಲ್ಲೂ ಕಿತ್ತಾಡಿದರಂತೆ. ಈ ಕಥೆಯನ್ನು ಅವನು ಹೆಣ್ಣು ನೋಡಲು ಬಂದ ದಿನವೇ ಹೇಳಿದ. ಅವಳ ಅಪ್ಪ ಹೆದರಿದ. ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಒಪ್ಪಿದಳು.

ಮದುವೆಯಾದ ವರ್ಷ ಅವಳಿಗೂ ಒಂದು ಬಿತ್ತು. ಸೋತು ಬಂದ ದಿನ, ಬಾಗಿಲು ತೆಗೆಯುವುದು ತಡವಾಯಿತೆಂದು. ಎರಡನೇ ಸಲ ಅವನು ಕೈ ಎತ್ತಿದಾಗ ಅವಳು ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಯನ್ನು ಬಟ್ಟೆ ಹಿಡಿದು ಎತ್ತಿಕೊಂಡಳು.

"ಬನ್ನಿ," ಎಂದಳು.

ಅವನು ಪಾತ್ರೆ ನೋಡಿದ, ಅವಳ ಮುಖ ನೋಡಿದ. ನಕ್ಕುಬಿಟ್ಟ. "ನಿನ್ನಂಥವಳು ಒಬ್ಬಳು ನನ್ನ ತಂಡದಲ್ಲಿ ಇರ್ಬೇಕಿತ್ತು ಕಣೇ."

ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಕೈ ಎತ್ತಲಿಲ್ಲ. ಮೈದಾನದಲ್ಲಿ ಎತ್ತುತ್ತಿದ್ದ. ಅದು ಅವಳಿಗೆ ಬೇರೆ ವಿಷಯ ಅನ್ನಿಸುತ್ತಿತ್ತು. ಮಕ್ಕಳಿರಲಿಲ್ಲ. ತಂಡದ ಹನ್ನೆರಡು ಜನರ ಅಂಗಿ ಚಡ್ಡಿ ಅವಳೇ ಒಗೆಯುತ್ತಿದ್ದಳು. ಕಾಲೇಜಿನ ಹಿಂದಿನ ಗಲ್ಲಿಯಲ್ಲೇ ಮನೆ, ಹಿತ್ತಿಲಲ್ಲಿ ಒಗೆಯುವ ಕಲ್ಲು. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ, ತಣ್ಣೀರೇ ಆಗಬೇಕು. ಅವಳ ಹಿತ್ತಿಲಲ್ಲಿ ಬಕೆಟ್ ತುಂಬ ತಣ್ಣೀರು ಯಾವಾಗಲೂ ಇರುತ್ತಿತ್ತು.

ಮದುವೆಯಾದ ಒಂಬತ್ತನೇ ವರ್ಷ ಏಣಿ ತಂಡಕ್ಕೆ ಬಂದ. ಹೆಸರು ಬೇರೆ ಇತ್ತು, ತಂಡದವರು ಇಟ್ಟದ್ದು ಏಣಿ. ಹತ್ತೊಂಬತ್ತು ವರ್ಷ, ಆರೂವರೆ ಅಡಿ. ಅಪ್ಪ ಇಲ್ಲ. ಅವ್ವ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಕೋಚ್‌ನ ಮನೆಯಲ್ಲಿ ಬೆಳಿಗ್ಗೆ ತಂಡಕ್ಕೆಂದು ಮೊಟ್ಟೆ ಬೇಯಿಸಿದರೆ ಅವನೊಬ್ಬನೇ ಆರು ಮುಗಿಸುತ್ತಿದ್ದ.

"ನಿಧಾನ ತಿನ್ನೋ, ಸಿಪ್ಪೆಯಾದರೂ ಬಿಡು," ಅನ್ನುತ್ತಿದ್ದಳು ಅವಳು.

"ಹೊಟ್ಟೆ ದೂರ ಇದೆ ಅಕ್ಕ. ದಾರಿಯಲ್ಲೇ ಅರ್ಧ ಕರಗಿ ಹೋಗತ್ತೆ."

ಏಣಿಯ ಜೋಡಿ ಒಬ್ಬ ಗಿಡ್ಡ. ಒಂದು ದಿನ ಗಿಡ್ಡನಿಗೆ ಜ್ವರ. ಜ್ವರ ಎಂದು ಹೇಳಲು ಹೆದರಿ ಎಸೆಯಲು ನಿಂತ. ಹತ್ತಕ್ಕೆ ನಾಲ್ಕು ತಪ್ಪಿತು. ಏಣಿಗೆ ನಾಲ್ಕು. ಮೂರು ಕೆನ್ನೆಗೆ ಬಿದ್ದವು. ನಾಲ್ಕನೆಯದು ಹೊಡೆಯುವಾಗ ಕೋಚ್‌ನ ಅಂಗೈ ಮಡಿಚಿತ್ತೋ ಏನೋ, ಎಡಗಿವಿಯ ಮೇಲೆ ಸರಿಯಾಗಿ ಕೂತಿತು. ಡಬ್ಬ ಒಡೆದ ಹಾಗೆ ಸದ್ದಾಯಿತಂತೆ. ಏಣಿ ಬೀಳಲಿಲ್ಲ. ಅವನು ಬೀಳಲಿಲ್ಲವೆಂದು ಕೋಚ್‌ಗೆ ಹೆಮ್ಮೆಯಾಯಿತು. ಮಧ್ಯಾಹ್ನ ಊಟಕ್ಕೆ ಬಂದಾಗ ಅದನ್ನೇ ಹೇಳಿದ. "ಮರ ಇದ್ದಂಗಿದಾನೆ ಕಣೇ. ಅಲ್ಲಾಡಲಿಲ್ಲ."

ಅವನು ಉಂಡು ಹೋದ ಮೇಲೆ ಏಣಿ ಹಿತ್ತಿಲ ಕಡೆಯಿಂದ ಬಂದ. ಎಡ ಭುಜದ ಮೇಲೆ ಅಂಗಿ ಕೆಂಪಾಗಿತ್ತು. ಕಿವಿಯಿಂದ ಇನ್ನೂ ಇಳಿಯುತ್ತಿತ್ತು.

"ಅಕ್ಕ, ಇದೊಂದು ಒಗೆದುಕೊಡಿ. ಅವ್ವ ನೋಡಬಾರದು."

"ಕಿವಿ ತೋರ್ಸು."

"ಏನಿಲ್ಲ, ಗುಂಯ್ ಅಂತಿದೆ ಅಷ್ಟೆ."

ಅವಳು ಅವನನ್ನು ಕಲ್ಲಿನ ಮೇಲೆ ಕೂರಿಸಿ ಒರೆಸಿದಳು. ಎಡಗಡೆ ನಿಂತು ಕರೆದಳು. ಅವನು ತಿರುಗಲಿಲ್ಲ. ಬಲಗಡೆ ಬಂದು ಕರೆದಳು. ತಿರುಗಿದ.

ಪಕ್ಕದ ರಸ್ತೆಯ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋದಳು. ಕಿವಿಯ ತಮಟೆ ಹರಿದಿದೆ ಎಂದರು. ತಾನೇ ಕೂಡಿಕೊಳ್ಳಬಹುದು, ಎರಡು ತಿಂಗಳು ಆ ಕಡೆ ಏನೂ ತಾಗಬಾರದು ಎಂದರು.

"ಅಕ್ಕ, ಸರ್‌ಗೆ ಹೇಳ್ಬೇಡಿ," ಎಂದ ಏಣಿ. ರಸ್ತೆಯಲ್ಲೇ ಕೈ ಮುಗಿದ. "ಕಿವುಡನನ್ನ ಯಾರು ಇಟ್ಕೋತಾರೆ? ತಂಡದಿಂದ ತೆಗೆದ್ರೆ ನಾನೂ ಅವ್ವನ ಜೊತೆ ನೆಲ ಒರೆಸೋಕೆ ಹೋಗ್ಬೇಕು. ನಿಮ್ಮ ಕಾಲಿಗೆ ಬೀಳ್ತೀನಿ."

"ಆಯ್ತು ಬಿಡು. ಹೇಳಲ್ಲ."

ಮೂರನೇ ವಾರ ಅದೇ ಕಿವಿಗೆ ಇನ್ನೊಂದು ಬಿತ್ತು. ಅವಳು ಆಗಲೂ ಹೇಳಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಆ ಕಿವಿ ಪೂರ್ತಿ ಸತ್ತಿತು.

ಈ ಆಟದಲ್ಲಿ ಕಿವಿ ಬಹಳ ಬೇಕು. ನೀನು ಎದುರಾಳಿಯನ್ನು ನೋಡುತ್ತ ಅಡ್ಡಡ್ಡ ಓಡುತ್ತಿರುತ್ತೀಯ. ಅವರ ಪೈಕಿ ಇನ್ನೊಬ್ಬ ಬಂದು ನಿನ್ನ ದಾರಿಯಲ್ಲಿ ಕಂಬದ ಹಾಗೆ ನಿಲ್ಲುತ್ತಾನೆ. ನಿಲ್ಲುವುದು ತಪ್ಪಲ್ಲ, ಆಟದಲ್ಲಿ ಅದಕ್ಕೆ ಅವಕಾಶ ಇದೆ. ನೀನು ಹೋಗಿ ಡಿಕ್ಕಿ ಹೊಡೆದರೆ ನಿನ್ನ ಹಣೆಬರಹ. ನಿನ್ನ ಕಡೆಯವನು ಕೂಗಿ ಹೇಳಬೇಕು. ಕೋಚ್‌ನ ತಂಡದಲ್ಲಿ ಆ ಕೂಗು "ಗೋಡೆ!" ಎಂದು. "ಎಡಕ್ಕೆ ಗೋಡೆ!" "ಬಲಕ್ಕೆ ಗೋಡೆ!" ದಿನವಿಡೀ ಅದನ್ನೇ ಕೂಗಿಸುತ್ತಿದ್ದ.

ಏಣಿ ಒಂದು ಉಪಾಯ ಮಾಡಿಕೊಂಡ. ತಡೆಯಲು ನಿಲ್ಲುವಾಗ ಅಂಗಣದ ಎಡ ಅಂಚಿನ ಗೆರೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಆಗ ಸತ್ತ ಕಿವಿ ಗೆರೆಯ ಆಚೆಗೆ. ಅಲ್ಲಿಂದ ಯಾರೂ ಬರುವುದಿಲ್ಲ. ಬರುವುದೆಲ್ಲ ಬಲಕ್ಕೆ, ಕೇಳುವ ಕಡೆಯಿಂದ. ಅದನ್ನು ತಿಳಿದವರು ಇಬ್ಬರೇ, ಅವನು ಮತ್ತು ಗ್ಯಾಲರಿಯಲ್ಲಿ ಕೂತ ಅವಳು. ಆ ಗೆರೆ ಅವನಿಂದ ತಪ್ಪದಿದ್ದರೆ ಸಾಕು ಎಂದು ಅವಳು ಪ್ರತಿ ಆಟದಲ್ಲೂ ಉಸಿರು ಹಿಡಿದುಕೊಂಡು ಕೂರುತ್ತಿದ್ದಳು. ಅಭ್ಯಾಸದ ಹೊತ್ತು ಕೋಚ್ ಎಡಗಡೆಯಿಂದ ಕರೆದಾಗ ಏಣಿ ಓಗೊಡುತ್ತಿರಲಿಲ್ಲ. ಕೋಚ್ ಅದನ್ನು ಕೊಬ್ಬು ಅಂದುಕೊಂಡ. ಕೊಬ್ಬಿಗೆ ಅವನ ಹತ್ತಿರ ಇದ್ದದ್ದು ಒಂದೇ ಮದ್ದು.

ಕಾಲೇಜು ಸಾಲಾಗಿ ಮೂರು ವರ್ಷ ಗೆದ್ದಿತು. ಆಗ ಸಂಬಳ ಕೊಟ್ಟು ಆಡಿಸುವ ದೊಡ್ಡ ಕ್ಲಬ್ ಒಂದು ಕೋಚ್‌ನನ್ನು ಕರೆಯಿತು. ಲೀಗ್ ಆಡುವ ತಂಡ. ಕೋಚ್ ಏಣಿಯನ್ನೂ ಕರೆದುಕೊಂಡು ಹೋದ. ಸೇರುವಾಗ ಒಂದು ಅರ್ಜಿ ತುಂಬಬೇಕಿತ್ತು. ಹೃದಯ, ಮಂಡಿ, ಕಣ್ಣು, ಕಿವಿ ಸರಿಯಿದೆಯೇ? ಕ್ಲಬ್ಬಿನ ಡಾಕ್ಟರು ಹೃದಯ ನೋಡಿದರು, ಮಂಡಿ ನೋಡಿದರು. ಕಿವಿಯ ಮುಂದೆ ಏಣಿಯೇ ಗುರುತು ಹಾಕಿದ, ಸರಿಯಿದೆ ಎಂದು. ಕೆಳಗೆ ಸಹಿ ಹಾಕಿದ.

ಮೂರನೇ ದಿನ ಕೋಚ್ ಹಳೆಯ ಕಾನೂನನ್ನು ಇಲ್ಲೂ ತಂದ. ಯಾರೋ ತಪ್ಪಿಸಿದರು, ಪಕ್ಕದಲ್ಲಿ ಇದ್ದವನು ಕ್ಯಾಪ್ಟನ್. ಮೂವತ್ತೆರಡು ವರ್ಷದವನು, ಕತ್ತು ಗೂಳಿಯದು. ಕೆನ್ನೆಗೆ ಬಿತ್ತು. ಕ್ಯಾಪ್ಟನ್ ಮಣಿಕಟ್ಟಿನ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಗುದ್ದಿದ. ಕೋಚ್ ಬೆಂಚಿನ ಮೇಲೆ ಅಂಗಾತ ಬಿದ್ದ. ಎರಡು ಹಲ್ಲು ನೆಲಕ್ಕೆ ಬಿದ್ದವು.

"ಸರ್, ಮನೆಯಲ್ಲಿ ನಂಗೆ ಇಬ್ಬರು ಮಕ್ಕಳು," ಎಂದ ಕ್ಯಾಪ್ಟನ್. "ಅವರ ಮುಂದೆ ಕೆನ್ನೆ ಊದಿಸ್ಕೊಂಡು ಹೋಗೋಕಾಗಲ್ಲ. ನಿಮ್ಮ ಹಲ್ಲು ತಗೊಳ್ಳಿ."

ಕ್ಲಬ್ಬಿನ ಮ್ಯಾನೇಜರ್ ನಕ್ಕು, ಹಲ್ಲು ಕಟ್ಟಿಸಿಕೊಂಡು ಬನ್ನಿ ಎಂದ. ಅಂದಿನಿಂದ ಕೋಚ್ ದೊಡ್ಡವರಿಗೆ ಬರೀ ಬಾಯಲ್ಲಿ ಬೈದ. ಅವನ ಕೈಗೆ ಉಳಿದವನು ಏಣಿಯೊಬ್ಬನೇ. ಏಣಿ ತಿಂದ. ಇಪ್ಪತ್ತನಾಲ್ಕು ವರ್ಷವಾಗಿದ್ದರೂ ತಿಂದ.

"ಯಾಕೋ ಸುಮ್ನಿರ್ತೀಯ? ಕ್ಯಾಪ್ಟನ್ ಥರ ತಿರುಗಿಸಿ ಕೊಡು," ಎಂದಳು ಅವಳು ಒಮ್ಮೆ.

"ಅಕ್ಕ, ನಿಮ್ಮ ಯಜಮಾನರಿಗೇ ಹೊಡಿ ಅಂತೀರಲ್ಲ!" ಎಂದು ನಕ್ಕ. ಆಮೇಲೆ, "ಅವರಿಲ್ಲದಿದ್ರೆ ನಾನಿಲ್ಲಿಗೆ ಬರ್ತಿರಲಿಲ್ಲ," ಎಂದ.

ಎರಡನೇ ವರ್ಷ ತಂಡ ಸೆಮಿಫೈನಲ್ ತಲುಪಿತು. ಆಟದ ದಿನ ಬೆಳಿಗ್ಗೆ ಕೋಚ್ ಊಟದ ಮೇಜಿನ ಮೇಲೆ ಚಮಚ, ಲೋಟ ಜೋಡಿಸಿ ಲೆಕ್ಕ ಹಾಕುತ್ತಿದ್ದ. ಎದುರು ತಂಡದ ದೊಡ್ಡ ಆಟಗಾರ ಚೆಂಡು ಹಾಕುವುದು ಇನ್ನೊಂದು ಅಂಚಿನಿಂದ. ಅವನನ್ನು ತಡೆಯಲು ಉದ್ದ ಕೈ ಬೇಕು. ಕೋಚ್ ಉದ್ದದ ಚಮಚ ತೆಗೆದು ಬಲ ಅಂಚಿಗೆ ಸರಿಸಿದ.

"ಏಣಿ ಇವತ್ತು ಈ ಕಡೆ."

ಅವಳು ಸ್ಟವ್ ಆರಿಸಿದಳು. "ಬೇಡ ರೀ. ಅವನು ಆ ಕಡೆ ಬೇಡ."

"ಯಾಕೆ?"

ಬಾಯಿಗೆ ಬಂದಿತ್ತು. ಆದರೆ ಆಟ ಮಧ್ಯಾಹ್ನ. ಈಗ ಹೇಳಿದರೆ ಏಣಿಯನ್ನು ಹೊರಗೆ ಕೂರಿಸುತ್ತಾನೆ, ತಂಡ ಸೋಲುತ್ತದೆ, ಐದು ವರ್ಷದಿಂದ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾನೆ.

"ಅವನಿಗೆ ಅಭ್ಯಾಸ ಇಲ್ಲ," ಎಂದಳು.

"ಓಹೋ, ಈಗ ನೀನು ಕೋಚ್ ಆದ್ಯಾ? ಮೊಟ್ಟೆ ಸುಲಿ, ಸಾಕು."

ಅವಳು ಮೊಟ್ಟೆ ಸುಲಿದಳು.

ಮಧ್ಯಾಹ್ನ ಮೂರು ಗಂಟೆಗೆ ಆಟ ಶುರುವಾಯಿತು. ಬಲ ಅಂಚಿಗೆ ಹೋಗು ಎಂದು ಕೋಚ್ ಹೇಳಿದಾಗ ಏಣಿ, "ಸರ್, ಆ ಕಡೆ ಬೇಡ ಸರ್," ಎಂದದ್ದನ್ನು ಅವಳು ಗ್ಯಾಲರಿಯಿಂದ ತುಟಿಯಲ್ಲೇ ಓದಿದಳು. ಕೋಚ್ ಅವನ ಕತ್ತಿನ ಹಿಂಭಾಗಕ್ಕೆ ಬಿಗಿದು ತಳ್ಳಿದ. ಹೋಗುವಾಗ ಏಣಿ ಮೇಲೆ ನೋಡಿದ. ಅವಳನ್ನೇ ನೋಡಿದ.

ಈಗ ಸತ್ತ ಕಿವಿ ಅಂಗಣದ ನಡುವಿಗೆ ಇತ್ತು. ಬರುವುದೆಲ್ಲ ಆ ಕಡೆಯಿಂದಲೇ. ಏಣಿ ಅರ್ಧ ಆಟ ಕತ್ತು ತಿರುಗಿಸಿ ತಿರುಗಿಸಿ ನೋಡುತ್ತ ಹೇಗೋ ಕಳೆದ. ಕತ್ತು ತಿರುಗಿಸಿದಾಗ ಎದುರಾಳಿ ತಪ್ಪಿಸಿಕೊಂಡ. ಕೋಚ್ ಬೆಂಚಿನಿಂದ ಕಿರುಚಿದ, "ಮುಂದೆ ನೋಡೋ! ಯಾರನ್ನ ಹುಡುಕ್ತಿದೀಯ?" ಎಂದು.

ಏಣಿ ಮುಂದೆ ನೋಡಿದ. ಎದುರಾಳಿಯ ಹಿಂದೆ ಎಡಕ್ಕೆ ಪೂರ್ತಿ ವೇಗದಲ್ಲಿ ಓಡಿದ. ಅವರ ಅತಿ ದಪ್ಪದವನು ಬಂದು ಅಲ್ಲಿ ಭುಜ ಕೊಟ್ಟು ನಿಂತಿದ್ದ.

"ಎಡಕ್ಕೆ ಗೋಡೆ!" ಎಂದು ಕ್ಯಾಪ್ಟನ್ ಕಿರುಚಿದ. ಗ್ಯಾಲರಿಯಲ್ಲಿದ್ದ ಅವಳಿಗೆ ಕೇಳಿತು. ಟಿಕೆಟ್ ಹರಿಯುವವನಿಗೆ ಕೇಳಿತು. ಏಣಿಗೆ ಕೇಳಲಿಲ್ಲ.

ಭುಜದ ಮೂಳೆ ಎಡ ಕಣತಲೆಗೆ ಹೊಡೆಯಿತು. ಏಣಿ ಉದ್ದಕ್ಕೆ ಬಿದ್ದ. ಬಿದ್ದಾಗ ತಲೆ ಮರದ ನೆಲಕ್ಕೆ ಬಡಿದು ಒಮ್ಮೆ ಮೇಲೆ ಹಾರಿ ಮತ್ತೆ ಬಡಿಯಿತು. ಕಾಲುಗಳು ಅದುರಿದವು. ಮೂಗಿನಿಂದ ರಕ್ತ ಬಂತು, ಬಾಯಿಂದ ನೊರೆ ಬಂತು.

ಕೋಚ್ ಓಡಿ ಬಂದ. ಅಂಗಿಯ ಕತ್ತುಪಟ್ಟಿ ಹಿಡಿದು ಎತ್ತಿದ. "ಏಳೋ! ಕೂಗಿದ್ದು ಕೇಳಲಿಲ್ವಾ ನಿಂಗೆ? ಕಿವಿಯಲ್ಲಿ ಏನಿಟ್ಕೊಂಡಿದೀಯ? ಏಳು!" ಎಂದು ಅಲ್ಲಾಡಿಸಿದ. ತಲೆ ಬಟ್ಟೆಗೊಂಬೆಯ ತಲೆಯ ಹಾಗೆ ಅತ್ತಿತ್ತ ಹೋಯಿತು. ಕ್ಯಾಪ್ಟನ್ ಬಂದು ಕೋಚ್‌ನ ಕೂದಲು ಹಿಡಿದು ಹಿಂದಕ್ಕೆ ಎಸೆದ.

ತಲೆಬುರುಡೆ ತೆರೆದು ಆಪರೇಷನ್ ಮಾಡಿದರು. ಮೂರು ದಿನ ಆದ ಮೇಲೆ ಕಣ್ಣು ಬಿಟ್ಟ. ಬಲಗೈ, ಬಲಗಾಲು ಹೇಳಿದ ಮಾತು ಕೇಳಲಿಲ್ಲ. ಮಾತು ತೊದಲಿತು. ಅವನ ಅವ್ವ ಹಾಸಿಗೆಯ ಪಕ್ಕ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ.

ಡಾಕ್ಟರು ಕೋಚ್‌ನನ್ನು ಹೊರಗೆ ಕರೆದು, ಹಿಂದೆ ಬಂದ ಅವಳ ಎದುರೇ ಹೇಳಿದರು. "ಎಡಗಿವಿ ಕೇಳ್ಸಲ್ಲ. ಇದು ಈಗ ಆಗಿದ್ದಲ್ಲ, ವರ್ಷಗಳ ಹಿಂದಿಂದು."

"ಮುಚ್ಚಿಟ್ಟಿದ್ದ!" ಎಂದ ಕೋಚ್. ಮುಷ್ಟಿಯಿಂದ ಗೋಡೆಗೆ ಗುದ್ದಿದ. "ನಂಗೇ ಮೋಸ ಮಾಡ್ದ ಬೋಳೀಮಗ."

ಅಲ್ಲಿಗೆ ಮ್ಯಾನೇಜರ್ ಬಂದ, ಕೈಯಲ್ಲಿ ಒಂದು ಕಾಗದ. ಆಟಗಾರ ಕಿವುಡುತನ ಮುಚ್ಚಿಟ್ಟು ಸಹಿ ಹಾಕಿದ್ದಾನೆ, ಕೋಚ್‌ಗೆ ತಿಳಿದಿರಲಿಲ್ಲ, ಇದರಲ್ಲಿ ಕ್ಲಬ್ಬಿನ ತಪ್ಪಿಲ್ಲ, ಆದ್ದರಿಂದ ಚಿಕಿತ್ಸೆಯ ಹೊಣೆಯೂ ಇಲ್ಲ ಎಂದು ಬರೆದಿತ್ತು. "ನಾಳೆ ಲೀಗ್‌ನವರ ವಿಚಾರಣೆ. ಇದಕ್ಕೊಂದು ಸಹಿ ಹಾಕಿ. ಮುಂದಿನ ವರ್ಷಕ್ಕೂ ನೀವೇ ಕೋಚ್." ಕೊಟ್ಟು ಹೋದ.

ಕೋಚ್ ಜೇಬಿನಿಂದ ಪೆನ್ನು ತೆಗೆದ.

"ಹಾಕ್ಬೇಡಿ," ಎಂದಳು ಅವಳು. "ಆ ಕಿವಿ ನೀವು ಒಡೆದಿದ್ದು."

"ಏನಂದೆ?"

"ಗಿಡ್ಡ ನಾಲ್ಕು ತಪ್ಪಿಸಿದ ದಿನ. ನಾಲ್ಕನೇ ಏಟು. ಮರ ಇದ್ದಂಗೆ ನಿಂತಿದ್ದ ಅಂತ ಹೇಳ್ಕೊಂಡು ಉಂಡ್ರಲ್ಲ, ಅವತ್ತು. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗಿದ್ದೆ. ಮೂರು ವಾರಕ್ಕೆ ಇನ್ನೊಂದು ಹೊಡೆದ್ರಿ. ಅಲ್ಲಿಗೆ ಮುಗೀತು."

"ಸುಳ್ಳು. ನಾನು ಯಾರಿಗೆ ಹೊಡೆದಿಲ್ಲ? ಬೇರೆ ಯಾರ ಕಿವಿ ಹೋಯ್ತು?"

"ಬೇರೆಯವರನ್ನ ನೀವು ಕೇಳಿದೀರಾ?"

ಅವನು ಹೊಡೆದ. ಆಸ್ಪತ್ರೆಯ ಕಾರಿಡಾರಿನಲ್ಲಿ, ನರ್ಸುಗಳ ಎದುರು. ಅವಳ ತುಟಿ ಒಡೆದು ರಕ್ತ ಬಂತು. ಅವಳು ಕೈಚೀಲ ಕೆಳಗಿಟ್ಟು ತಿರುಗಿ ಹೊಡೆದಳು. ಎರಡು ಸಲ ಹೊಡೆದಳು. ಕಟ್ಟಿಸಿಕೊಂಡ ಹಲ್ಲು ಸಡಿಲವಾಯಿತು.

"ಒಂದು ನಿಮ್ಮ ತಪ್ಪಿಗೆ, ಇನ್ನೊಂದು ನನ್ನ ತಪ್ಪಿಗೆ," ಎಂದಳು. "ಗೊತ್ತಿದ್ದೂ ಮುಚ್ಕೊಂಡಿದ್ದೆ. ಮೂರು ದಿನದಿಂದ ಅವನ ಅವ್ವನ ಮುಖ ನೋಡೋಕಾಗ್ತಿಲ್ಲ ನಂಗೆ. ಈಗ ಹಾಕಿ ಸಹಿ, ಹಾಕೋದಾದ್ರೆ."

ಕೋಚ್ ಬೆಂಚಿನ ಮೇಲೆ ಕೂತ. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಸಹಿ ಹಾಕಲಿಲ್ಲ, ಕಾಗದ ಹರಿಯಲೂ ಇಲ್ಲ. ಮಡಚಿ ಜೇಬಿಗೆ ಹಾಕಿಕೊಂಡ. ಅವನು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ವಿಚಾರಣೆ. ಲೀಗ್ ಕಚೇರಿಯ ಎರಡನೇ ಮಹಡಿ. ಅವಳು ಹೊರಗಿನ ಬೆಂಚಿನಲ್ಲಿ ಕೂತಳು. ನೆಲಹಾಸು ಅಡ್ಡ ಬಂದು ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಉದ್ದ ಮೇಜು, ಆಚೆ ಮೂವರು, ಈಚೆ ಮ್ಯಾನೇಜರ್ ಮತ್ತು ಕೋಚ್. ಮ್ಯಾನೇಜರ್ ಮೊದಲು ಮಾತಾಡಿದ, ಅರ್ಜಿ ತೋರಿಸಿದ. ಆಮೇಲೆ ಕೋಚ್‌ನನ್ನು ಕೇಳಿದರು, ಆಟಗಾರನ ಕಿವಿಯ ವಿಷಯ ನಿಮಗೆ ಗೊತ್ತಿತ್ತೇ ಎಂದು.

"ಗೊತ್ತಿರಲಿಲ್ಲ," ಎಂದ ಕೋಚ್.

ಅವಳು ಕಣ್ಣು ಮುಚ್ಚಿಕೊಂಡಳು.

"ಆದ್ರೆ ಒಡೆದಿದ್ದು ನಾನೇ. ಕಾಲೇಜಿನಲ್ಲಿದ್ದಾಗ. ಕೈಯಲ್ಲಿ ಹೊಡೆದೆ. ಒಬ್ಬ ತಪ್ಪಿಸಿದ್ರೆ ಇನ್ನೊಬ್ಬನಿಗೆ ಹೊಡೀತಿದ್ದೆ. ಇಲ್ಲಿಗೆ ಬಂದ ಮೇಲೂ ಹೊಡೆದೆ, ಮ್ಯಾನೇಜರ್ ನೋಡಿದಾರೆ. ಆ ಕಡೆ ಬೇಡ ಸರ್ ಅಂದ. ತಳ್ಳಿದೆ. ಬರ್ಕೊಳ್ಳಿ."

"ರೀ, ತಲೆ ಕೆಟ್ಟಿದೆಯೇನ್ರೀ?" ಎಂದ ಮ್ಯಾನೇಜರ್. "ಆ ಕುಂಟನಿಗೋಸ್ಕರ ಎಲ್ಲರ ಅನ್ನಕ್ಕೆ ಮಣ್ಣು ಹಾಕ್ತೀರಾ?"

ಕುರ್ಚಿ ಬಿದ್ದ ಸದ್ದು ಕೇಳಿತು. ಅವಳು ಬಾಗಿಲು ತಳ್ಳುವಷ್ಟರಲ್ಲಿ ಮ್ಯಾನೇಜರ್ ಮೇಜಿನ ಕೆಳಗಿದ್ದ. ಅವನ ಮೂಗು ಒಂದು ಕಡೆಗೆ ಮಲಗಿತ್ತು. ನೀರಿನ ಜಗ್ ಒಡೆದು ಕಾಗದಗಳ ಮೇಲೆ ನೀರೂ ರಕ್ತವೂ ಹರಿಯುತ್ತಿತ್ತು. ಬಾಗಿಲ ಒಳಗೆ ನಿಂತಿದ್ದ ಇಬ್ಬರು ಕಾವಲಿನವರು ಕೋಚ್‌ನನ್ನು ಹಿಡಿದುಕೊಂಡಿದ್ದರು. ಬದುಕಿನಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸವನ್ನೂ ಅವನು ಕೈಯಿಂದಲೇ ಮುಗಿಸಿದ.

ಅವನು ಇನ್ನು ಯಾವ ತಂಡಕ್ಕೂ, ಕಾಲೇಜಿನದಕ್ಕಾಗಲಿ ಕ್ಲಬ್ಬಿನದಕ್ಕಾಗಲಿ, ಸಾಯುವ ತನಕ ಕಲಿಸಕೂಡದು ಎಂದು ತೀರ್ಪಾಯಿತು. ಏಣಿಯ ಚಿಕಿತ್ಸೆಯನ್ನು ಕ್ಲಬ್ಬೇ ನೋಡಿಕೊಳ್ಳಬೇಕೆಂದೂ ಆಯಿತು. ಮೂಗಿನ ವಿಷಯಕ್ಕೆ ಕೋಚ್ ಎರಡು ತಿಂಗಳು ಜೈಲಿನಲ್ಲಿದ್ದು ಬಂದ. ಆಮೇಲೆ ಒಂದು ಗೋದಾಮಿನ ಗೇಟಿನಲ್ಲಿ ಕೆಲಸಕ್ಕೆ ಸೇರಿದ. ಆಟದ ಮಾತು ಆಡುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು ಕಿಟಕಿಯ ಹತ್ತಿರ ಕೂತರೆ ಅವಳು ದೀಪ ಹಾಕುವ ತನಕ ಏಳುತ್ತಿರಲಿಲ್ಲ.

ಜೈಲಿನಿಂದ ಬಂದ ವರ್ಷ, ಒಂದು ಬೆಳಿಗ್ಗೆ, ಏಣಿ ಮನೆಗೆ ಬಂದ. ಕೋಲು ಹಿಡಿದಿದ್ದ. ಬಲಗಾಲು ಎಳೆಯುತ್ತಿತ್ತು. ಕೋಚ್ ಬಾಗಿಲು ತೆಗೆದ. "ಬಾರೋ," ಎಂದ.

"ನಿಮ್ಮನ್ನ ನೋಡೋಕೆ ಬಂದಿಲ್ಲ," ಎಂದ ಏಣಿ. ಮಾತು ನಿಧಾನವಾಗಿ ಬರುತ್ತಿತ್ತು. "ಅಕ್ಕನ್ನ ಒಂದು ಮಾತು ಕೇಳ್ಬೇಕು."

ಅವಳು ಬಂದು ನಿಂತಳು. ಏಣಿ ಹೊಸ್ತಿಲು ದಾಟಲಿಲ್ಲ.

"ಅಕ್ಕ, ಅವತ್ತು ಆ ಕಡೆ ಹಾಕ್ತಾರೆ ಅಂತ ನಿಮಗೆ ಬೆಳಿಗ್ಗೇನೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಬೇಡಿ ಅಂದಾಗ ನಂಗೆ ಹತ್ತೊಂಬತ್ತು ವರ್ಷ. ನಂಗೆ ಬುದ್ಧಿ ಇರಲಿಲ್ಲ. ನಿಮಗಿತ್ತಲ್ಲ?"

ಕೊಟ್ಟ ಮಾತಿಗೆ ಕಟ್ಟುಬಿದ್ದೆ ಎನ್ನಬಹುದಿತ್ತು. ಅವನ ಅವ್ವನ ನೆನಪಾಗಿ ಸುಮ್ಮನಾದೆ ಎನ್ನಬಹುದಿತ್ತು. ಅವಳು ಅದನ್ನೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗಲೇ ಯೋಚಿಸಿ ಬಿಟ್ಟಿದ್ದಳು.

"ಇತ್ತು," ಎಂದಳು. "ನೀನು ಆಡಿದ್ರೆ ಇವರು ಗೆಲ್ತಿದ್ರು. ಇವರು ಗೆದ್ದು ಬಂದ ದಿನ ನಮ್ಮ ಮನೆ ಚೆನ್ನಾಗಿರ್ತಿತ್ತು. ಅದಕ್ಕೆ ಹೇಳಲಿಲ್ಲ."

ಏಣಿ ತಲೆ ಆಡಿಸಿದ. ಬೈಯಲಿಲ್ಲ. ಕೋಲು ತಿರುಗಿಸಿಕೊಂಡು ಮೆಟ್ಟಿಲು ಇಳಿದ. ನಾಲ್ಕು ಮೆಟ್ಟಿಲಿಗೆ ಬಹಳ ಹೊತ್ತು ಹಿಡಿಯಿತು. ಕೋಚ್ ಕೈ ಹಿಡಿಯಲು ಹೋದಾಗ, "ಮುಟ್ಬೇಡಿ," ಎಂದ.

ಮೂರು ವರ್ಷ ಆದ ಮೇಲೆ ಕೋಚ್ ಗೋದಾಮಿನ ಗೇಟಿನ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಕಾಲೇಜಿನ ಹಳೆಯ ಆಟಗಾರರು ಬಂದಿದ್ದರು. ಗಿಡ್ಡ ಅತ್ತ. ಕ್ಯಾಪ್ಟನ್ ಬಂದು ಹೆಗಲು ಕೊಟ್ಟ. ಏಣಿಗೆ ಹೇಳಿ ಕಳಿಸಲೇ ಎಂದು ಯಾರೋ ಕೇಳಿದರು. ಬೇಡ ಎಂದಳು ಅವಳು. ಅವನು ಅಷ್ಟು ದೂರ ನಡೆಯಬಾರದು.